ಕೆಂಪು ಕೋಣೆಯ ಅಭ್ಯಾಸ

ಬಡಿಸುವ ಚಮಚ ಕೈಜಾರಿ ನೆಲಕ್ಕೆ ಬಿದ್ದಾಗ ಯೋನಾಸ್ ಅಶಿಪಾಲ ಅದನ್ನು ಎತ್ತಿಕೊಳ್ಳಲಿಲ್ಲ.

ಒಂದು ಹೆಜ್ಜೆ ಹಿಂದೆ ಸರಿದರು. ಎರಡೂ ಅಂಗೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ, ಬೆರಳು ಬಿಡಿಸಿ ಹಿಡಿದರು. ಮುಖ ಮೇಲೆತ್ತಿ ಊಟದ ಕೋಣೆಯ ಮೇಲ್ಮೂಲೆಯನ್ನು ನೋಡಿದರು. ಅಲ್ಲಿ ಗಾಳಿಯ ಕಿಂಡಿಯೊಂದನ್ನು ಬಿಟ್ಟರೆ ಬೇರೇನೂ ಇರಲಿಲ್ಲ.

ಇಷ್ಟೂ ನಡೆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಆಮೇಲೆ ಅವರಿಗೇ ಏನೋ ಹೊಳೆದಂತೆ ಕೈ ಇಳಿಸಿದರು. ಬಗ್ಗಿ ಚಮಚ ಎತ್ತಿಕೊಂಡು, ಏಪ್ರನ್ನಿಗೆ ಒರೆಸಿ, "ಹಡಗು ಅಲ್ಲಾಡ್ತು ಮೇಮೆ" ಎಂದರು; ಅವರ ಭಾಷೆಯಲ್ಲಿ ಮೇಮೆ ಎಂದರೆ ಅಮ್ಮ.

ಹಡಗು ಅಲ್ಲಾಡಿರಲಿಲ್ಲ. ಆ ದಿನ ಸಮುದ್ರ ತಟ್ಟೆಗೆ ಹಾಕಿಟ್ಟ ಸಾರಿನಂತೆ ಸುಮ್ಮನಿತ್ತು.

ನಾನು ತಲೆ ತಗ್ಗಿಸಿ ಮೀನಿನ ಮುಳ್ಳು ಬಿಡಿಸತೊಡಗಿದೆ. ಮೇಜಿನ ಸುತ್ತ ಇದ್ದವರು ಯಾರೂ ಗಮನಿಸಿರಲಿಲ್ಲ. ಗಮನಿಸುವಂಥದ್ದೇನೂ ಆಗಿರಲೂ ಇಲ್ಲ. ಅಡುಗೆಯವನೊಬ್ಬ ಚಮಚ ಬೀಳಿಸಿದ, ಅಷ್ಟೇ.

ಆದರೆ ನನ್ನ ಹತ್ತಿರ ಬೇರೆ ಯಾವ ಎಳೆಯೂ ಉಳಿದಿರಲಿಲ್ಲ. ಸಮುದ್ರದ ತಳದ ವಜ್ರ ತೆಗೆಯುವ ಈ 'ಓಮುರಾಂಬ' ಹಡಗಿನಲ್ಲಿ, ಜಲ್ಲಿ ಸಾಗಿಸುವ ಬೆಲ್ಟಿನ ಮೇಲೆ ಕ್ಯಾಮೆರಾ ಕಂಡ ದೊಡ್ಡ ವಜ್ರವೊಂದು, ಮುದ್ರೆ ಹಾಕಿ ಲೂಡೆರಿಟ್ಸ್‌ನ ದಡಕ್ಕೆ ಕಳಿಸಿದ ಡಬ್ಬಿಯಲ್ಲಿ ಇರಲಿಲ್ಲ. ಬೆಲ್ಟಿಗೂ ಡಬ್ಬಿಗೂ ನಡುವೆ ಇದ್ದದ್ದು ತುಯೋಲೆನಿ ಶಿವೂತೆ ಎಂಬ ಹುಡುಗಿಯ ಎರಡು ಕೈಗಳು ಮಾತ್ರ. ಅವಳೀಗ ದಡದಲ್ಲಿ, ನಮ್ಮ ಠಾಣೆಯ ಲಾಕಪ್ಪಿನಲ್ಲಿದ್ದಳು. ನಾಳೆ ಬೆಳಗ್ಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಬೇಕು. ಅಷ್ಟರೊಳಗೆ ನಾನು ಹೊಸದೇನೂ ತರದಿದ್ದರೆ ಕಳವಿನ ಆರೋಪ ಅವಳ ಕೊರಳಿಗೇ. ನಮ್ಮ ದೇಶದಲ್ಲಿ ಬೇರೆ ಕಳವು ಬೇರೆ, ವಜ್ರದ ಕಳವು ಬೇರೆ. ಒಳಗೆ ಹೋದವಳು ಹೊರಗೆ ಬರುವಾಗ ತಲೆ ನೆರೆತಿರುತ್ತದೆ.

ಅವಳು ಕದ್ದಿಲ್ಲ ಎಂದು ನನಗೆ ಅನಿಸಿತ್ತು. ಅನಿಸಿಕೆ ಮಾತ್ರ. "ಕಲ್ಲು ಡಬ್ಬಿಗೆ ಬಿದ್ದದ್ದನ್ನ ನಾನೇ ನೋಡಿದೆ ಮೇಮೆ, ಇನ್ನೇನು ಹೇಳಲಿ" ಎಂದು ಒಂದೇ ಸಲ ಹೇಳಿ ಸುಮ್ಮನಾಗಿದ್ದಳು. ಸುಳ್ಳು ಹೇಳುವವರು ಹೆಚ್ಚು ಮಾತಾಡುತ್ತಾರೆ ಎಂದು ನಾನು ನಂಬಿದ್ದೇನೆ. ಆ ನಂಬಿಕೆ ತಪ್ಪೂ ಇರಬಹುದು. ನನಗೆ, ಅಂದರೆ ಸಾರ್ಜೆಂಟ್ ಮಾಗ್ದಲೀನ ಫ್ರೆಡರಿಕ್ಸ್‌ಗೆ ಅನಿಸಿತು ಎಂದರೆ ಮ್ಯಾಜಿಸ್ಟ್ರೇಟರು ಕನ್ನಡಕ ತೆಗೆದು ನನ್ನನ್ನೇ ನೋಡುತ್ತಾರೆ.

ಯೋನಾಸ್ ಬಡಿಸಿಕೊಂಡು ಮುಂದಿನ ಮೇಜಿಗೆ ಹೋದರು. ಅರವತ್ತರ ಆಸುಪಾಸಿನ, ಬೆನ್ನು ನೆಟ್ಟಗಿರುವ ಮನುಷ್ಯ. ಹಡಗಿನಲ್ಲಿ ಎಲ್ಲರಿಗೂ 'ತಾತೆ', ಅಂದರೆ ಅಪ್ಪನ ಸಮಾನ. ನಿನ್ನೆ ನನ್ನೆದುರು ಕೂತು, ತಾನು ಆಯುಷ್ಯವೆಲ್ಲ ಮೀನು ಹಡಗುಗಳಲ್ಲೇ ಕಳೆದವನು, ವಜ್ರದ ಕೆಲಸದ ಕಡೆಗೆ ತಲೆ ಹಾಕಿಯೂ ಮಲಗಿದವನಲ್ಲ ಎಂದು ಹೇಳಿಕೆ ಕೊಟ್ಟಿದ್ದರು. ನಾನು ನಂಬಿದ್ದೆ.

ಮೀನು ಹಡಗಿನಲ್ಲಿ ಬಿದ್ದ ಚಮಚವನ್ನು ಬಗ್ಗಿ ಎತ್ತಿಕೊಳ್ಳುತ್ತಾರೆ.

*

ಡೆಕ್ಕಿನ ಮೇಲೆ ತೆಳ್ಳಗೆ ಮಂಜು ಕವಿದಿತ್ತು. ಮಂಜಿದ್ದರೆ ಹೆಲಿಕಾಪ್ಟರ್ ಇಲ್ಲ, ಹೆಲಿಕಾಪ್ಟರ್ ಇಲ್ಲದೆ ನನಗೆ ದಡವಿಲ್ಲ. ಸಂಜೆಯ ಹೊತ್ತಿಗೆ ತಿಳಿಯಾಗುತ್ತದೆ ಎಂದು ಕ್ಯಾಪ್ಟನ್ ಹೇಳಿದ್ದರು. ಕೆಳಗೆ ಎರಡು ಸೀಲ್ ಪ್ರಾಣಿಗಳು ಲಂಗರಿನ ಸರಪಳಿಯ ಪಕ್ಕ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಸಮುದ್ರದ ತಳದಿಂದ ಜಲ್ಲಿ ಎಳೆಯುವ ಪೈಪು ಹಡಗಿನ ಹೊಟ್ಟೆಯಲ್ಲಿ ಗೊರಗುಟ್ಟುತ್ತಲೇ ಇತ್ತು. ಇಲ್ಲಿನವರಿಗೆ ಆ ಸದ್ದು ಕೇಳಿಸುವುದೇ ಇಲ್ಲ. ನನಗೂ ಎರಡು ದಿನಕ್ಕೆ ಒಗ್ಗಿಹೋಗಿತ್ತು.

ಬೆಂಜಮಿನ್ ಗೋಲಿಯಾತ್ ಪಾಳಿ ಮುಗಿಸಿ, ಸ್ನಾನ ಮಾಡಿ, ತಲೆಯಿನ್ನೂ ಒದ್ದೆಯಿರುವಾಗಲೇ ಮೇಲೆ ಬಂದ. ಹೆಸರು ಬೈಬಲ್ಲಿನ ದೈತ್ಯನದು, ಎತ್ತರದಲ್ಲಿ ನನ್ನ ಭುಜಕ್ಕೆ ಬರುತ್ತಾನೆ. ಕೆಂಪು ಕೋಣೆಯಲ್ಲಿ ಅವನದು ಬಹಳ ಕಾಲದ ಕೆಲಸ. ಜಲ್ಲಿಯಿಂದ ವಜ್ರ ಬೇರೆಯಾಗುವ ಆ ಕೋಣೆಗೆ ಹೋಗುವವರು ಜೇಬಿಲ್ಲದ ಬಟ್ಟೆ ಹಾಕಬೇಕು. ಹೊರಗೆ ಬರುವಾಗ ಎಕ್ಸ್‌ರೇ ಮುಂದೆ ನಿಲ್ಲಬೇಕು. ಒಳಗೆ ಒಬ್ಬರೇ ಇರುವಂತಿಲ್ಲ. ಇವೆಲ್ಲ ನನಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು, ಸುಮ್ಮನೆ ಹೊತ್ತು ಕಳೆಯಲು ಕೇಳುವವಳಂತೆ ಕೇಳಿದೆ: ಒಳಗೆ ಏನಾದರೂ ಕೈಜಾರಿ ಬಿದ್ದರೆ?

"ಬಗ್ಗಂಗಿಲ್ಲ ಅಕ್ಕ" ಎಂದ. "ನಿಮ್ಮ ಹಲ್ಲೇ ಉದುರಿ ಬಿದ್ರೂ ಬಗ್ಗಂಗಿಲ್ಲ."

ಮಾಡಿಯೂ ತೋರಿಸಿದ. ಒಂದು ಹೆಜ್ಜೆ ಹಿಂದೆ. ಅಂಗೈ ಬಿಡಿಸಿ ಎದೆಯ ಮುಂದೆ. ಮುಖ ಕ್ಯಾಮೆರಾದ ಕಡೆಗೆ. ಎರಡನೆಯವರು ಬಂದು ನೋಡಿ, ಬಿದ್ದದ್ದು ಸ್ಪ್ಯಾನರೋ ಪೆನ್ನೋ ಕಲ್ಲೋ ಎಂದು ಖಾತ್ರಿ ಮಾಡಿಕೊಳ್ಳುವವರೆಗೂ ಹಾಗೇ ನಿಲ್ಲಬೇಕು. ಬಗ್ಗಿದವನು ಏನನ್ನೂ ಎತ್ತಿಕೊಳ್ಳದಿದ್ದರೂ ಅವನ ಕೆಲಸ ಹೋದಂತೆಯೇ.

"ಮನೇಲೂ ಹಂಗೇ ಆಗೋಗಿದೆ. ಮಗು ತಟ್ಟೆ ಬೀಳಿಸ್ತು ಅಂದ್ರೆ ನಾನು ಕೈ ಎತ್ಕೊಂಡು ನಿಂತಿರ್ತೀನಿ. 'ನಿಮಗ್ಯಾರು ಬಂದೂಕು ಹಿಡಿದ್ರು, ಮೊದ್ಲು ಅನ್ನ ಬಾಚಿ' ಅಂತಾಳೆ ನನ್ನ ಹೆಂಡ್ತಿ."

ನಾನೂ ನಕ್ಕೆ. ಅಡುಗೆಯವರು, ಎಂಜಿನ್ನಿನವರು ಇದನ್ನು ನೋಡಿ ಕಲಿತಿರಬಹುದಲ್ಲ ಎಂದೆ. ಅವರು ಅಣಕಿಸುವುದುಂಟು ಎಂದು ಒಪ್ಪಿದ. ಆದರೆ ಅಣಕಿಸುವವರು ಹಲ್ಲು ಕಿರಿಯುತ್ತಾ ಕೆಂಪು ಕೋಣೆಯವರ ಮುಖವನ್ನೇ ನೋಡುತ್ತಾರೆ, ಮೇಲೆ ನೋಡುವುದಿಲ್ಲ.

"ಮೇಲೆ ನೋಡೋದು ಕಲಿಸಿದ್ರೆ ಬರೋದಲ್ಲ ಅಕ್ಕ. ಹೆದರ್ಕೊಂಡು ಹೆದರ್ಕೊಂಡು ಬರೋದು."

ಅವನು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಕಂಡದ್ದನ್ನು ತಕ್ಷಣ ನಂಬಲಾರೆ, ಕಂಡಿಲ್ಲ ಎಂದು ಬಿಡಲೂ ಆರೆ. ಒಂದು ಚಮಚ, ಒಂದು ಕ್ಷಣ. ವಯಸ್ಸಾದವರಿಗೆ ಬೆನ್ನು ಹಿಡಿದುಕೊಂಡಿರಬಹುದು. ಆದರೆ ಬೆನ್ನು ನೋವಿದ್ದವನು ಬೆನ್ನು ಮುಟ್ಟಿಕೊಳ್ಳುತ್ತಾನೆ, ಅಂಗೈ ತೋರಿಸುವುದಿಲ್ಲ.

ಯೋನಾಸ್ ಹಿಂದೆಂದೋ ಕೆಂಪು ಕೋಣೆಯಲ್ಲಿ ದುಡಿದಿದ್ದರು. ಅದನ್ನು ನನ್ನಿಂದ ಮುಚ್ಚಿಟ್ಟಿದ್ದರು. ಕಲ್ಲು ಕಾಣೆಯಾದ ಹಡಗಿನಲ್ಲಿ, ಆ ಕೋಣೆಯ ಒಳಹೊರಗು ಬಲ್ಲವನೊಬ್ಬ ಸುಳ್ಳು ಹೇಳಿ ಮುದ್ದೆ ಬಡಿಸುತ್ತಿದ್ದಾನೆ ಎಂದರೆ, ನಾಳೆ ಮ್ಯಾಜಿಸ್ಟ್ರೇಟರ ಮುಂದೆ ಇಡಲು ನನಗೆ ಕೊನೆಗೂ ಒಂದು ಸಂಗತಿ ಸಿಕ್ಕಿತು. ಹುಡುಗಿಗೆ ಜಾಮೀನಾದರೂ ಸಿಗಬಹುದು.

ಆಗ ನಾನು ಅಂದುಕೊಂಡದ್ದು ಅಷ್ಟೇ.

*

ಹೇಳಿಕೆ ತೆಗೆದುಕೊಳ್ಳುವಾಗ ಜೊತೆಗೊಬ್ಬ ಸಾಕ್ಷಿ ಇರಬೇಕು ಎಂಬುದನ್ನು ನಾನು ಎಂದೂ ತಪ್ಪಿಸಿದವಳಲ್ಲ. ಕ್ಯಾಪ್ಟನ್ ಮೇಲೆ ಮಂಜಿನ ಜೊತೆ ಗುದ್ದಾಡುತ್ತಿದ್ದರು. ಹಾಗಾಗಿ ಭದ್ರತೆಯ ಮುಖ್ಯಸ್ಥರಾದ ಡಿವಾಲ್ಡ್ ಲೊಂಬಾರ್ಡರನ್ನು ಕೇಳಿಕೊಂಡೆ.

ಲೊಂಬಾರ್ಡ್ ಮೃದು ಮಾತಿನ, ಅಚ್ಚುಕಟ್ಟಾದ ಮನುಷ್ಯ. ನಾನು ಹಡಗು ಹತ್ತಿದ ದಿನವೇ ತಮ್ಮ ಆಫೀಸನ್ನು ನನಗೆ ಬಿಟ್ಟುಕೊಟ್ಟು, ತಾವು ಮೂಲೆಯ ಕುರ್ಚಿಯಲ್ಲಿ ಕೂರತೊಡಗಿದ್ದರು. ಈಗಲೂ ಬೇಡ ಎನ್ನಲಿಲ್ಲ. ಹುಡುಗಿ ಸಿಕ್ಕಿರುವಾಗ ಅಡುಗೆಯವನ ಹಿಂದೆ ಬಿದ್ದು ಸಾರ್ಜೆಂಟರು ಯಾಕೆ ಆಯಾಸ ಮಾಡಿಕೊಳ್ಳುತ್ತಾರೋ ಎಂದು ಮಾತ್ರ ಅಂದರು. ಆಮೇಲೆ ಕಾಫಿಯಲ್ಲಿ ರಸ್ಕ್ ಅದ್ದಿಕೊಂಡು ಮೂಲೆಯಲ್ಲಿ ಕೂತರು.

ಯೋನಾಸ್ ಏಪ್ರನ್ ಬಿಚ್ಚಿಟ್ಟು, ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು ಬಂದರು. ನಾನು ರೆಕಾರ್ಡರ್ ಒತ್ತಿ, ಸುತ್ತಿ ಬಳಸದೆ ಚಮಚದ ವಿಷಯಕ್ಕೇ ಬಂದೆ. ಅವರು ಹಿಂದೆ ಸರಿದದ್ದು, ಕೈ ಎತ್ತಿದ್ದು, ಇಲ್ಲದ ಕ್ಯಾಮೆರಾಕ್ಕೆ ಮುಖ ತೋರಿಸಿದ್ದು. ಹೇಳುತ್ತಾ ಹೋದಂತೆ ನನಗೇ ಅದು ತೀರಾ ಸಣ್ಣ ವಿಷಯ ಎನಿಸತೊಡಗಿತು. ಮೂಲೆಯಲ್ಲಿ ಲೊಂಬಾರ್ಡ್ ರಸ್ಕ್ ಮುರಿದ ಸದ್ದಾಯಿತು.

ಯೋನಾಸ್ ಅಲ್ಲ ಎನ್ನಲಿಲ್ಲ. ತಮ್ಮ ಅಂಗೈಗಳನ್ನು ತಾವೇ ತಿರುಗಿಸಿ ನೋಡಿಕೊಂಡರು.

"ಬಿಟ್ಟೋಗಿದೆ ಅಂದ್ಕೊಂಡಿದ್ದೆ ಮೇಮೆ" ಎಂದರು.

"ಎಲ್ಲಿ ಕೆಲಸ ಮಾಡಿದ್ರಿ ತಾತೆ?"

ನದಿ ಸಮುದ್ರ ಸೇರುವಲ್ಲಿ, ಬೇಲಿ ಹಾಕಿದ ಊರಿನಲ್ಲಿ ಎಂದರು. ಹಡಗುಗಳು ಬರುವ ಮುಂಚೆ, ವಜ್ರವನ್ನೆಲ್ಲ ಮರಳಿನಲ್ಲೇ ಬಗೆಯುತ್ತಿದ್ದ ಕಾಲ. ಅಲ್ಲಿನ ಕೆಂಪು ಕೋಣೆಯಲ್ಲಿ ಒಳ್ಳೆಯ ಹೆಸರಿತ್ತಂತೆ. ಕೆಲಸ ಹೋದದ್ದು ಒಂದು ಪಾರಿವಾಳದಿಂದ. ಆ ಊರಲ್ಲಿ ಪಾರಿವಾಳ ಸಾಕುವಂತಿಲ್ಲ. ಯಾಕೆ ಎಂದು ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು, ಬೇಲಿ ದಾಟಿ ಕಲ್ಲು ಹೊರುವುದಕ್ಕೆ ಅದಕ್ಕಿಂತ ಒಳ್ಳೆಯ ಕೂಲಿ ಸಿಗುವುದಿಲ್ಲ. ರೆಕ್ಕೆ ಮುರಿದ ಒಂದು ಹಕ್ಕಿ ಇವರ ಕಿಟಕಿಗೆ ಬಂದು ಬಿತ್ತು. ಇವರು ಅದಕ್ಕೆ ಕಾಳು ಹಾಕಿದರು. ಯಾರೋ ನೋಡಿದರು. ಕಳವು ಸಾಬೀತಾಗಲಿಲ್ಲ, ಆದರೆ ಇನ್ನೆಂದೂ ಇವರನ್ನು ವಜ್ರದ ಹತ್ತಿರ ಬಿಡಬಾರದು ಎಂದಾಯಿತು.

"ಹಾರೋಕಾಗ್ದಿರೋ ಹಕ್ಕಿ ಮೇಮೆ" ಎಂದರು. "ಅದನ್ನೂ ಹೇಳಿದೆ. ಅವರು ನಗಲೂ ಇಲ್ಲ."

"ಮತ್ತೆ ಈ ಹಡಗಿಗೆ ಹೇಗೆ ಬಂದ್ರಿ?"

ಅಡುಗೆಯವರನ್ನು ತರುವುದು ಹೊರಗಿನ ಕಂಟ್ರಾಕ್ಟರು. ತಾಯಿಯ ಮನೆತನದ ಹೆಸರು ಕೊಟ್ಟರೆ ಅಲ್ಲಿ ಯಾರೂ ಕೆದಕುವುದಿಲ್ಲವಂತೆ. ಅದು ಹೇಗೆ ಎಂಬುದಕ್ಕೆ ಉತ್ತರವಾಯಿತು. ಯಾಕೆ ಎಂದು ಕೇಳಿದಾಗ ಅವರು ಕಿಟಕಿಯ ಕಡೆ ತಿರುಗಿದರು.

ನಮ್ಮ ದೇಶದ ಉತ್ತರದ ಜನರಲ್ಲಿ ಅಪ್ಪನ ಹೆಸರೇ ಮಕ್ಕಳ ಹೆಸರಿನ ಕೊನೆಗೆ ಬರುವುದು ರೂಢಿ. ಅದು ನನಗೆ ಗೊತ್ತಿದ್ದ ವಿಷಯವೇ. ಆದರೂ ಈ ಕ್ಷಣದವರೆಗೆ ಅದನ್ನು ಇದಕ್ಕೆ ಕೂಡಿಸಿ ನೋಡಿರಲಿಲ್ಲ.

"ಮನೇಲಿ ನಿಮ್ಮನ್ನ ಏನಂತ ಕರೀತಿದ್ರು ತಾತೆ?"

"ಶಿವೂತೆ."

ಮೂಲೆಯಲ್ಲಿ ಕಾಫಿಯ ಲೋಟ ಮೆತ್ತಗೆ ತಟ್ಟೆಗೆ ತಗುಲಿತು.

ಇವರು ಕೆಲಸ ಕಳೆದುಕೊಂಡಾಗ ತುಯೋಲೆನಿ ಇನ್ನೂ ಎದೆಹಾಲು ಕುಡಿಯುತ್ತಿದ್ದಳಂತೆ. ನಾಚಿಕೆಯಿಂದ ಊರಿಗೆ ಹೋಗಲಿಲ್ಲ. ಹೋಗದೆ ಹೋಗದೆ, ಹೋಗುವುದೇ ಸಾಧ್ಯವಾಗದಂತಾಯಿತು. ಅಪ್ಪ ಸಮುದ್ರದಲ್ಲಿ ಹೋದ ಎಂದು ತಾಯಿ ಮಗುವಿಗೆ ಹೇಳಿದಳು. ಆ ಮಗು ಬೆಳೆದು, ಓದಿ, ಅಪ್ಪನನ್ನು ಹೊರಗೆ ಹಾಕಿದಂಥ ಕೋಣೆಗೇ ಕೆಲಸಕ್ಕೆ ಸೇರಿದ ಸುದ್ದಿ ಬಂದರಿನಲ್ಲಿ ಯಾರಿಂದಲೋ ಇವರ ಕಿವಿಗೆ ಬಿತ್ತು.

"ನಾನು ಯಾರು ಅಂತ ಅವಳಿಗೆ ಗೊತ್ತಿಲ್ಲ. ಭಾನುವಾರ ಸಜ್ಜೆ ಮುದ್ದೆ ಮಾಡ್ತೀನಿ. ಅಮ್ಮ ಮಾಡಿದ ಹಾಗೇ ಇದೆ ತಾತೆ ಅಂತಾಳೆ. ನನಗೆ ಅಷ್ಟು ಸಾಕಾಗಿತ್ತು."

ನಾನು ಏನು ಮಾಡಿಬಿಟ್ಟೆ ಎಂಬುದು ಆಗ ನನಗೆ ಅರ್ಥವಾಯಿತು. ಅವಳನ್ನು ಬಿಡಿಸಲು ಒಂದು ಸಂಗತಿ ಹುಡುಕುತ್ತಾ ಹೊರಟವಳು, ಅವಳನ್ನು ಕಟ್ಟಿಹಾಕುವ ಹಗ್ಗವನ್ನೇ ಹೊಸೆದು ಕೊಟ್ಟಿದ್ದೆ. ವಜ್ರದ ಹತ್ತಿರ ಸುಳಿಯಕೂಡದ ಮನುಷ್ಯ, ಸುಳ್ಳು ಹೆಸರಲ್ಲಿ ಅದೇ ಹಡಗಿನಲ್ಲಿ. ಮಗಳ ಕೈಯಲ್ಲಿ ಕಲ್ಲು, ಅಪ್ಪನ ಕೈಯಲ್ಲಿ ಅಡುಗೆಮನೆ. ಮ್ಯಾಜಿಸ್ಟ್ರೇಟರು ಇನ್ನೇನು ಕೇಳಿಯಾರು?

ಅದು ಅವರಿಗೂ ಹೊಳೆದಿತ್ತು. ನನಗಿಂತ ಮುಂಚೆಯೇ ಹೊಳೆದಿತ್ತೋ ಏನೋ.

"ಬರ್ಕೊಳ್ಳಿ ಮೇಮೆ" ಎಂದರು. "ಕಲ್ಲು ತಗೊಂಡಿದ್ದು ನಾನು. ಹುಡುಗಿಗೆ ಏನೂ ಗೊತ್ತಿಲ್ಲ."

"ಹೇಗೆ ತಗೊಂಡ್ರಿ?"

"ತಗೊಂಡೆ. ಸಮುದ್ರಕ್ಕೆ ಎಸೆದೆ. ಸಾಕಲ್ಲ?"

ಸಾಕಾಗುವುದಿಲ್ಲ ಎಂದು ಅವರಿಗೂ ಗೊತ್ತಿತ್ತು. ಅಡುಗೆಯವನು ಕೆಂಪು ಕೋಣೆಯ ಮೊದಲ ಬಾಗಿಲನ್ನೂ ದಾಟಲಾರ. ಮಗಳ ಪಾಲಿನ ಶಿಕ್ಷೆಯನ್ನು ತಟ್ಟೆ ಎತ್ತಿಕೊಂಡಷ್ಟು ಸುಲಭವಾಗಿ ಎತ್ತಿಕೊಳ್ಳಲು ಬಂದಿದ್ದರು. ಆದರೂ ಸುಳ್ಳನ್ನು ಸುಳ್ಳು ಎಂದು ತೋರಿಸಿಯೇ ಮುಂದೆ ಹೋಗಬೇಕು. ಅದಕ್ಕೊಂದು ದಾರಿಯಿತ್ತು.

ಕಾಣೆಯಾದ ಕಲ್ಲು ಸಕ್ಕರೆ ಅಚ್ಚಿನಂತೆ ಬಿಳಿ ಎಂದು ಹಡಗಿನಲ್ಲೆಲ್ಲ ಮಾತಿತ್ತು. ಕಳ್ಳನನ್ನು ಹಿಡಿಯಲೆಂದು ಬೇಕೆಂದೇ ಆ ಮಾತನ್ನು ಹಬ್ಬಿಸಿದವರು ಲೊಂಬಾರ್ಡ್, ನಾನೂ ಅದಕ್ಕೆ ಒಪ್ಪಿಕೊಂಡಿದ್ದೆ. ನಿಜವಾದ ಕಲ್ಲು ಹೇಗಿತ್ತು ಎಂಬುದನ್ನು ಕ್ಯಾಮೆರಾದ ಚಿತ್ರದಲ್ಲಿ ನೋಡಿದವರು ನಾವಿಬ್ಬರೇ. ನಮ್ಮನ್ನು ಬಿಟ್ಟರೆ ಅದನ್ನು ಹತ್ತಿರದಿಂದ ಕಣ್ಣಾರೆ ಕಂಡವಳು ತುಯೋಲೆನಿ; ಜೊತೆ ಪಾಳಿಯವರಿಗೆ ದೂರದಿಂದ ಬಣ್ಣ ಕಂಡಿರಲಿಲ್ಲ. ಮುಟ್ಟಿದವನಿಗೆ ಮಾತ್ರ ಗೊತ್ತಿರುವುದನ್ನು ಕೇಳಿದರೆ, ಮುಟ್ಟದವನು ತಪ್ಪು ಹೇಳುತ್ತಾನೆ.

"ಸರಿ ತಾತೆ. ಯಾವ ಬಣ್ಣ ಇತ್ತು ಕಲ್ಲು?"

ಬಿಳಿ ಎನ್ನುತ್ತಾರೆ, ನಾನು ರೆಕಾರ್ಡರ್ ಆರಿಸುತ್ತೇನೆ, ಅವರನ್ನು ಅಡುಗೆಮನೆಗೆ ಕಳಿಸುತ್ತೇನೆ ಎಂದು ಮನಸ್ಸಿನಲ್ಲೇ ಸಿದ್ಧಳಾಗಿದ್ದೆ.

"ಹಸಿರು" ಎಂದರು ಯೋನಾಸ್. "ಎಳೇ ಹಸಿರು. ಒಂದು ಮೂಲೇಲಿ ಮಾತ್ರ ಕಪ್ಪು ಚುಕ್ಕಿ."

ನನ್ನ ಕೈ ರೆಕಾರ್ಡರಿನ ಮೇಲೇ ಉಳಿಯಿತು. ಸರಿಯಾಗಿತ್ತು. ಬಣ್ಣವೂ, ಚುಕ್ಕಿಯೂ.

ಮೂಲೆಯಿಂದ ಲೊಂಬಾರ್ಡ್ ನಿಟ್ಟುಸಿರಿಟ್ಟರು. ಧ್ವನಿಯಲ್ಲಿ ಕರುಣೆಯಿತ್ತು. "ಹುಡುಗಿ ಅಪ್ಪನಿಗೆ ಹೇಳಿದ್ದಾಳೆ ಸಾರ್ಜೆಂಟ್. ಅಪ್ಪ ಅಂತ ಗೊತ್ತಿಲ್ಲ ಅನ್ನೋದೂ ಸುಳ್ಳು. ಪಾಪ, ನೀವು ಅವಳನ್ನ ನಂಬಿದ್ರಿ."

ನಂಬಿದ್ದೆ. ಒಂದೇ ಸಲ ಹೇಳಿ ಸುಮ್ಮನಾದ ಹುಡುಗಿ. ಸುಮ್ಮನಿರುವುದಕ್ಕೂ ಒಂದು ಜಾಣತನ ಬೇಕು ಎಂದು ನನಗೆ ಯಾಕೆ ಹೊಳೆಯಲಿಲ್ಲ? ಅವಳ ಮುಖ ನೆನೆಸಿಕೊಳ್ಳಲು ನೋಡಿದೆ, ಆಗಲಿಲ್ಲ.

"ಅವಳು ಹೇಳಿಲ್ಲ" ಎಂದರು ಯೋನಾಸ್.

"ಮತ್ತೆ ನಿಮಗೆ ಹೇಗೆ ಗೊತ್ತು?" ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು. "ನೀವು ತಗೊಂಡಿಲ್ಲ ತಾತೆ. ನಿಮ್ಮ ಕೈಯಲ್ಲಿ ಅದು ಆಗೋ ಕೆಲಸ ಅಲ್ಲ. ಅವಳು ಹೇಳ್ಲಿಲ್ಲ ಅಂದ್ರೆ ಇನ್ಯಾರು ಹೇಳಿದ್ರು?"

ಅವರು ನನ್ನನ್ನು ನೋಡಲಿಲ್ಲ. ಮೇಜನ್ನು ನೋಡಿದರು. ಲೊಂಬಾರ್ಡ್ ನನಗೆ ಬಿಟ್ಟುಕೊಟ್ಟ ಮೇಜು, ಅದರ ಮೇಲಿನ ಬಾಗಿದ ಕುತ್ತಿಗೆಯ ದೀಪ.

"ಯಾರೂ ಹೇಳ್ಲಿಲ್ಲ, ನೋಡಿದೆ. ನಾನು ಇಲ್ಲಿಗೆ ಕಾಫಿ ತಂದಾಗ ಸಾಹೇಬ್ರು ಒಳಗೆ ಮುಖ ತೊಳೀತಿದ್ರು. ಕಲ್ಲು ಈ ದೀಪದ ಕೆಳಗಿತ್ತು."

ಸಾಕ್ಷಿಯೊಬ್ಬರು ಬೇಕೇ ಬೇಕು ಎಂದು ಹಟ ಹಿಡಿದವಳು ನಾನೇ.

ಅಪ್ಪನೊಬ್ಬ ಮಗಳಿಗಾಗಿ ಒಂದು ಸುಳ್ಳು ಹೇಳಿದ್ದ. ಎರಡನೆಯದನ್ನೂ ಹೇಳಬಲ್ಲ. ಕದ್ದ ಕಲ್ಲು ಇಲ್ಲಿಗೆ ಬಂದಿತ್ತೆಂದೇ ಇಟ್ಟುಕೊಂಡರೂ, ಅದನ್ನು ಕೆಂಪು ಕೋಣೆಯಿಂದ ತಂದವರು ಯಾರು? ಬೆಲ್ಟಿನಿಂದ ಡಬ್ಬಿಯವರೆಗೆ ಮತ್ತೆ ಅವಳ ಕೈಗಳೇ ಬಂದು ನಿಲ್ಲುತ್ತಿದ್ದವು. ಉಳಿದದ್ದು ಒಂದೇ ಪ್ರಶ್ನೆ.

"ಯಾವತ್ತು ನೋಡಿದ್ರಿ?"

"ಅದು ಸಮುದ್ರದಿಂದ ಬೆಲ್ಟಿಗೆ ಬಂತು ಅಂತೀರಲ್ಲ ಮೇಮೆ" ಎಂದರು ಯೋನಾಸ್, "ಅದರ ಹಿಂದಿನ ದಿನ."

ಹಾಗಿದ್ದರೆ ಕ್ಯಾಮೆರಾದ ಚಿತ್ರದ ಮೇಲಿನ ತಾರೀಖೇ ಸುಳ್ಳು, ಅದನ್ನು ನನಗೆ ತೋರಿಸಿದವರು ಭದ್ರತೆಯ ಮುಖ್ಯಸ್ಥರು. ನನ್ನ ಬೆನ್ನ ಹಿಂದೆ ಲೊಂಬಾರ್ಡ್ ಎದ್ದರು. ಕುರ್ಚಿಯನ್ನು ಸದ್ದಾಗದಂತೆ ಗೋಡೆಗೆ ಸರಿಸಿ ಬಾಗಿಲ ಕಡೆ ನಡೆದರು. ಹೊರಗೆ ಹೋಗುತ್ತಾರೆ ಎಂದುಕೊಂಡೆ.

ಅವರು ಒಳಗಿನಿಂದ ಚಿಲಕ ಹಾಕಿದರು.